ಬ್ಯಾಡಗಿ ಮಾರುಕಟ್ಟೆಯಲ್ಲಿ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ನ ಮೊದಲ ಪಾಠ

ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಲಿಯಲು ಯಾವ ಕೋರ್ಸ್ ಸೇರಬೇಕೆಂದು ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ನನ್ನನ್ನು ಮೇಲಿಂದ ಮೇಲೆ ಕೇಳುತ್ತಾರೆ. ಕೆಲವು ವರ್ಷ ಸಾಫ್ಟ್‌ವೇರ್ ಬರೆದು ಬೇಸತ್ತವರದೂ ಇದೇ ಪ್ರಶ್ನೆ. ಕೋರ್ಸ್‌ಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬಹಳಷ್ಟು ಕೋರ್ಸ್‌ಗಳು ಮೊದಲ ವಾರದಲ್ಲೇ ರೋಡ್‌ಮ್ಯಾಪ್ (ಯಾವುದನ್ನು ಯಾವಾಗ ಕಟ್ಟುವುದೆಂಬ ಯೋಜನೆ), ಬ್ಯಾಕ್‌ಲಾಗ್ (ಬಾಕಿ ಕೆಲಸಗಳ ಪಟ್ಟಿ), ಆದ್ಯತೆಯ ಅಂಕಪಟ್ಟಿ ಮೊದಲಾದ ಸಲಕರಣೆಗಳನ್ನು ಕೈಗೆ ಕೊಟ್ಟುಬಿಡುತ್ತವೆ, ಅವುಗಳಿಂದ ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕೆಂಬುದು ಮಾತ್ರ ಕೊನೆಯವರೆಗೂ ಮಸುಕಾಗಿಯೇ ಉಳಿಯುತ್ತದೆ. ಯಾರು, ಯಾವ ಹೊತ್ತಿನಲ್ಲಿ, ಯಾವ ನಿರ್ಧಾರ ತೆಗೆದುಕೊಳ್ಳಲು ತಿಣುಕುತ್ತಿದ್ದಾರೆ, ನಾವು ಕಟ್ಟಲಿರುವ ವಸ್ತು ಆ ನಿರ್ಧಾರಕ್ಕೆ ನೆರವಾಗುತ್ತದೆಯೇ ಎಂಬುದೇ ಆ ಪ್ರಶ್ನೆ.

ಪ್ರಾಜೆಕ್ಟ್ ಮ್ಯಾನೇಜರ್ ಮತ್ತು ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಗಳನ್ನು ಒಂದೇ ಎಂದು ತಿಳಿಯುವವರು ನಮ್ಮಲ್ಲಿ ಬಹಳ. ಒಪ್ಪಿಕೊಂಡ ಕೆಲಸ ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ ಮುಗಿಯುವಂತೆ ಮೊದಲಿನವರು ನೋಡಿಕೊಳ್ಳುತ್ತಾರೆ. ಆ ಕೆಲಸವನ್ನು ಒಪ್ಪಿಕೊಳ್ಳಬೇಕಿತ್ತೇ ಎಂಬುದಕ್ಕೆ ಎರಡನೆಯವರು ಉತ್ತರ ಹೇಳಬೇಕಾಗುತ್ತದೆ. ಈ ಎರಡನೆಯ ಹುದ್ದೆಯ ಮೂಲವನ್ನು ಸಾಮಾನ್ಯವಾಗಿ 1931ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಬರೆದ ಒಂದು ಟಿಪ್ಪಣಿಯಲ್ಲಿ ಗುರುತಿಸುತ್ತಾರೆ. ಕ್ಯಾಮೇ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ಆತ, ಒಂದೊಂದು ಬ್ರ್ಯಾಂಡಿಗೂ ಪ್ರತ್ಯೇಕ ಹೊಣೆಗಾರರಿರಬೇಕೆಂದು ಅದರಲ್ಲಿ ವಾದಿಸಿದ್ದರು. ಮುಂದೆ ಅವರು ಆ ದೇಶದ ರಕ್ಷಣಾ ಕಾರ್ಯದರ್ಶಿಯೂ ಆದರು, ಆ ಮಾತು ಬೇರೆ. ಮಾರಾಟ ಎಲ್ಲಿ ಸೊರಗಿದೆಯೋ ಆ ಪ್ರದೇಶಕ್ಕೆ ಹೊಣೆಗಾರ ಸ್ವತಃ ಹೋಗಿ ಅಂಗಡಿಕಾರರನ್ನೂ ಗ್ರಾಹಕರನ್ನೂ ಕಂಡು ಕಾರಣ ತಿಳಿಯಬೇಕೆಂದು ಆ ಟಿಪ್ಪಣಿಯಲ್ಲಿ ಹೇಳಿರುವುದೇ ನಮಗೆ ಮುಖ್ಯ. ಕಂಪ್ಯೂಟರ್ ಬರುವ ಮೊದಲೇ ಬರೆದ ಆ ಸೂಚನೆ ಇಂದಿಗೂ ಈ ಕಸುಬಿನ ಅರ್ಧ ಭಾಗ.

ನಮ್ಮ ಭಾಗದ ಕಲಿಕೆಯವರಿಗೆ ನಾನು ಕೊಡುವ ಅಭ್ಯಾಸ ಹಾವೇರಿ ಜಿಲ್ಲೆಯ ಬ್ಯಾಡಗಿಯ ಒಣಮೆಣಸಿನಕಾಯಿ ಮಾರುಕಟ್ಟೆಯದು. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು; ಕಾಯಿಯಿಂದ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳೂ ಮಸಾಲೆ ಕಂಪನಿಗಳೂ ಇದನ್ನು ಕೊಳ್ಳುತ್ತವೆ. ಇಲ್ಲಿಯ ಬೆಳೆಗಾರರಿಗಾಗಿ ಒಂದು ಆ್ಯಪ್ ಯೋಚಿಸಿರಿ ಎಂದರೆ ಬಹುತೇಕ ಎಲ್ಲರೂ ಮೊದಲು ಬರೆಯುವುದು ‘ಇಂದಿನ ದರ ತೋರಿಸುವ ಆ್ಯಪ್’ ಎಂದೇ. ಕೇಳಲು ಸರಿಯಾಗಿಯೇ ಇದೆ. ಆದರೆ ಸರ್ಕಾರದ ಕೃಷಿ ಮಾರಾಟವಾಹಿನಿ ಜಾಲತಾಣದಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ (ಹೆಚ್ಚು ಮಾಲು ಮಾರಾಟವಾದ) ದರಗಳು ಈಗಾಗಲೇ ಸಿಗುತ್ತವೆ, ಪತ್ರಿಕೆಗಳಲ್ಲಿ ಬರುತ್ತವೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಂತೂ ಟೆಂಡರ್ ಮುಗಿದ ಸ್ವಲ್ಪ ಹೊತ್ತಿಗೆಲ್ಲ ಹರಿದಾಡುತ್ತವೆ.

ಹಾಗಾದರೆ ಕೊರತೆ ಎಲ್ಲಿದೆ? ದಲಾಲಿ ಅಂಗಡಿಯ ಮುಂದೆ ಚೀಲಗಳ ಸಾಲಿನ ನಡುವೆ ಕುಳಿತಿದ್ದ ರೈತರೊಬ್ಬರು ವಿದ್ಯಾರ್ಥಿಗಳ ತಂಡಕ್ಕೆ ಹೇಳಿದ ಮಾತು ಇದು: “ರೇಟ್ ನಮಗೂ ಗೊತ್ತಾಗತೈತ್ರಿ ತಮ್ಮಾ. ನನ್ನ ಮಾಲಿಗೆ ಎಷ್ಟ ಬೀಳತೈತಿ ಅನ್ನೂದ ಹೇಳ್ರಿ, ಇಲ್ಲಾ ತಡದ ಮಾರಿದ್ರ ಏನಾಕ್ಕೈತಿ ಅನ್ನೂದ ಹೇಳ್ರಿ.” ಈ ಎರಡು ವಾಕ್ಯಗಳನ್ನು ಬಿಡಿಸಿ ನೋಡಿದರೆ ಸಮಸ್ಯೆಯ ಆಕಾರವೇ ಬದಲಾಗುತ್ತದೆ. ಡಬ್ಬಿ, ಕಡ್ಡಿ, ಗುಂಟೂರು ಎಂದು ತಳಿಗಳು ಬೇರೆ. ಒಂದೇ ತಳಿಯಲ್ಲೂ ಬಣ್ಣ, ತೇವ, ಮಚ್ಚೆಗಳನ್ನು ನೋಡಿ ವ್ಯಾಪಾರಿಗಳು ಒಂದೊಂದು ಲಾಟಿಗೂ (ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳ ಗುಂಪಿಗೂ) ಇ-ಟೆಂಡರಿನಲ್ಲಿ ಬೇರೆಬೇರೆ ದರ ಬರೆಯುತ್ತಾರೆ, ಹೀಗಾಗಿ ಒಂದೇ ದಿನದ ಕನಿಷ್ಠ ಮತ್ತು ಗರಿಷ್ಠ ದರಗಳ ನಡುವೆ ಹಲವು ಪಟ್ಟು ಅಂತರವಿರುತ್ತದೆ. ಅಷ್ಟು ಅಗಲವಾದ ಅಂತರದಲ್ಲಿ ತನ್ನ ಮಾಲು ಎಲ್ಲಿ ನಿಲ್ಲುತ್ತದೆಂದು ತಿಳಿಯದವರಿಗೆ ಪರದೆಯ ಮೇಲಿನ ಸರಾಸರಿ ಅಂಕಿಯಿಂದ ಏನೂ ಆಗುವುದಿಲ್ಲ.

ಎರಡನೆಯದು, ಇಂದೇ ಮಾರುವುದೋ ಅಥವಾ ಬಾಡಿಗೆ ಕೊಟ್ಟು ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದೋ ಎಂಬ ನಿರ್ಧಾರ. ಈ ನಿರ್ಧಾರದ ಹಿಂದೆ ದರವೊಂದೇ ಇರುವುದಿಲ್ಲ; ದಲಾಲರಿಂದ ಮುಂಗಡ ತಂದವರು, ಬ್ಯಾಂಕಿನ ಕಂತು ಹತ್ತಿರವಿರುವವರು, ಮನೆಯಲ್ಲಿ ಮದುವೆ ಗೊತ್ತುಮಾಡಿದವರು ದರ ಕಡಿಮೆಯೆಂದು ಗೊತ್ತಿದ್ದೂ ಮಾರುತ್ತಾರೆ. 2024ರ ಮಾರ್ಚ್ 11ರಂದು ದರ ಕುಸಿದಾಗ ಇದೇ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚುವವರೆಗೂ ಹೋಯಿತು. ಅಂದು ದರದ ಮಾಹಿತಿಗೆ ಬರವಿರಲಿಲ್ಲ. ತಂದ ಮಾಲನ್ನು ಬೇರೆ ಏನು ಮಾಡಬಹುದೆಂಬ ದಾರಿ ಕಾಣದೆ ಹೋಗಿತ್ತು.

ಇಷ್ಟು ತಿಳಿದ ಮೇಲೆ ಪ್ರಾಡಕ್ಟ್ ಮ್ಯಾನೇಜರ್ ಬರೆಯುವ ಸಮಸ್ಯೆಯ ವಾಕ್ಯ ಬೇರೆಯಾಗುತ್ತದೆ: ಮುಂಗಡದ ಹಂಗಿಲ್ಲದ, ಇಪ್ಪತ್ತು ಚೀಲಕ್ಕಿಂತ ಹೆಚ್ಚು ಮಾಲಿರುವ ಬೆಳೆಗಾರ, ಮಾರುಕಟ್ಟೆಗೆ ಗಾಡಿ ಕಟ್ಟುವ ಹಿಂದಿನ ದಿನ, ಮಾರುವುದೋ ಇಡುವುದೋ ಎಂದು ತೀರ್ಮಾನಿಸಲು ತನ್ನ ಮಾಲಿನ ದರ್ಜೆ ಮತ್ತು ಇಡುವ ಖರ್ಚಿನ ಲೆಕ್ಕ ಬೇಕಾಗಿರುವವನು. ಈ ವಾಕ್ಯ ಬಹಳ ಜನರನ್ನು ಹೊರಗಿಡುತ್ತದೆ ಎಂದು ವಿದ್ಯಾರ್ಥಿಗಳು ಆಕ್ಷೇಪಿಸುತ್ತಾರೆ. ಹೊರಗಿಡಲೆಂದೇ ಅದನ್ನು ಬರೆಯುವುದು. ಮುಂಗಡ ತಂದವರ ಕಷ್ಟ ಇದಕ್ಕಿಂತ ದೊಡ್ಡದಿರಬಹುದು, ಆದರೆ ಅದು ಸಾಲದ ಸಮಸ್ಯೆ. ಅದನ್ನು ಆ್ಯಪ್ ಬಗೆಹರಿಸುತ್ತದೆಂದು ಹೇಳುವುದು ಅಪ್ರಾಮಾಣಿಕತೆಯಾದೀತು.

ಜನರನ್ನು ಕೇಳುವ ಬಗೆಯನ್ನು ಇಲ್ಲಿಯೇ ಹೇಳಬೇಕು. “ಇಂಥ ಆ್ಯಪ್ ಮಾಡಿದರೆ ಬಳಸುತ್ತೀರಾ?” ಎಂದು ಕೇಳಿದರೆ ನಮ್ಮ ಕಡೆಯವರು ಬಂದವರ ಮನಸ್ಸು ನೋಯಬಾರದೆಂದು “ಹೂಂ, ಮಾಡ್ರಿ, ಚಲೋ ಆಕ್ಕೈತಿ” ಎನ್ನುತ್ತಾರೆ, ಆ ಉತ್ತರವನ್ನು ಪುರಾವೆಯೆಂದು ಎಣಿಸಬಾರದು. ಕಳೆದ ಸಲ ಮಾಲು ತಂದಾಗ ಏನಾಯಿತು, ಹಿಂದಿನ ದಿನ ಯಾರಿಗೆ ಫೋನ್ ಮಾಡಿದಿರಿ, ಅವರು ಹೇಳಿದ್ದಕ್ಕೂ ಬಿದ್ದ ದರಕ್ಕೂ ಎಷ್ಟು ವ್ಯತ್ಯಾಸವಿತ್ತು, ಆಗ ಏನು ಮಾಡಿದಿರಿ ಎಂದು ನಡೆದುಹೋದದ್ದನ್ನು ಕೇಳಬೇಕು. ಜೊತೆಗೆ ದಲಾಲರನ್ನೂ ಕೋಲ್ಡ್ ಸ್ಟೋರೇಜಿನ ಗುಮಾಸ್ತರನ್ನೂ ಹಮಾಲರನ್ನೂ ಕೇಳಬೇಕು, ಏಕೆಂದರೆ ಹೊಸ ವಸ್ತುವೊಂದು ಬಂದಾಗ ಯಾರ ಕೆಲಸ ಹೆಚ್ಚುತ್ತದೆ, ಯಾರ ಆದಾಯ ಕುಗ್ಗುತ್ತದೆ ಎಂಬುದು ಅವರ ಮಾತಿನಲ್ಲಿ ಮೊದಲೇ ಹೊರಬೀಳುತ್ತದೆ.

ಆಮೇಲೆ ಪರೀಕ್ಷೆ. ಎಂವಿಪಿ ಎಂದು ಕರೆಯುವ ಕನಿಷ್ಠ ರೂಪದ ಪ್ರಾಡಕ್ಟ್ ಎಂದರೆ ಅರ್ಧ ಕಟ್ಟಿದ ಆ್ಯಪ್ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಮ್ಮ ಊಹೆಗಳಲ್ಲಿ ಯಾವುದು ಸುಳ್ಳಾದರೆ ಇಡೀ ಯೋಜನೆ ಬೀಳುತ್ತದೋ ಅದನ್ನು ಅತಿ ಕಡಿಮೆ ಖರ್ಚಿನಲ್ಲಿ ಪರೀಕ್ಷಿಸುವ ಸಾಧನವದು. ಇಲ್ಲಿ ಅಂಥ ಊಹೆ, ದೂರದಿಂದ ಮಾಲಿನ ದರ್ಜೆ ಹೇಳಬಹುದು ಎಂಬುದು. ಅದಕ್ಕೆ ಕೋಡ್ ಬೇಕಿಲ್ಲ: ಕೆಲವು ರೈತರು ವಾಟ್ಸ್‌ಆ್ಯಪ್‌ನಲ್ಲಿ ಕಾಯಿಯ ಫೋಟೊ ಕಳಿಸಲಿ, ಅನುಭವಿ ವ್ಯಾಪಾರಿಯೊಬ್ಬರು ಫೋಟೊ ನೋಡಿ ದರ ಅಂದಾಜಿಸಲಿ, ಟೆಂಡರಿನಲ್ಲಿ ಬಿದ್ದ ದರದೊಂದಿಗೆ ಹೋಲಿಸಿ ನೋಡೋಣ. ತೇವವನ್ನು ಕೈಯಲ್ಲಿ ಹಿಡಿದು, ಮುರಿದು ನೋಡದೆ ಹೇಳಲಾಗದು ಎಂದು ಕಂಡುಬಂದರೆ, ಫೋಟೊದಿಂದ ದರ್ಜೆ ಹೇಳುವ ಕೃತಕ ಬುದ್ಧಿಮತ್ತೆಯ ಮಾತನ್ನು ಅಲ್ಲಿಗೇ ಕೈಬಿಟ್ಟು, ಇಡುವ ಖರ್ಚಿನ ಲೆಕ್ಕವೊಂದನ್ನೇ ಮಾಡಿಕೊಟ್ಟರೆ ಉಪಯೋಗವಿದೆಯೇ ಎಂದು ನೋಡಬಹುದು.

ವಸ್ತು ಉಪಯುಕ್ತವಾಗಿದ್ದರೆ ಸಾಲದು, ಅದು ನಡೆಯಲು ಹಣ ಎಲ್ಲಿಂದ ಬರುತ್ತದೆಂಬುದೂ ಇದೇ ಹುದ್ದೆಯ ಚಿಂತೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ಮಿರ್ಚಿ ಕರಿಯುವವರ ಗಾಡಿಯ ಮೇಲೆ, ಹಣ ಬಂದದ್ದನ್ನು ಕನ್ನಡದಲ್ಲೇ ಕೂಗಿ ಹೇಳುವ ಸೌಂಡ್‌ಬಾಕ್ಸ್ ಇರುತ್ತದೆ. ಎರಡೂ ಕೈಗೆ ಹಿಟ್ಟು, ಎದುರಿಗೆ ಕುದಿಯುವ ಎಣ್ಣೆ, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಿಜವೋ ಸುಳ್ಳೋ ಎಂದು ಫೋನ್ ತೆಗೆದು ನೋಡಲು ಪುರಸೊತ್ತಿಲ್ಲ; ಆ ಕ್ಷಣದ ನಿರ್ಧಾರಕ್ಕೆ ಇಷ್ಟು ಸರಿಯಾಗಿ ಒದಗುವ ವಸ್ತುಗಳು ಕಡಿಮೆ. ಇನ್ನೊಂದು ಬದಿಯಿಂದ ನೋಡಿದರೆ, 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಎಂಡಿಆರ್, ಅಂದರೆ ಪ್ರತಿ ಪಾವತಿಯ ಮೇಲಿನ ಶುಲ್ಕ, ಪಡೆಯುವಂತಿಲ್ಲದ ಕಾರಣ, ಪಾವತಿ ಕಂಪನಿಗಳಿಗೆ ಆ ಡಬ್ಬಿಯ ತಿಂಗಳ ಬಾಡಿಗೆಯೇ ಒಂದು ಆದಾಯವಾಯಿತು. ಬಳಸುವವರ ಅಗತ್ಯವೂ ಕಂಪನಿಯ ಅಗತ್ಯವೂ ಒಂದೇ ವಸ್ತುವಿನಲ್ಲಿ ಹೀಗೆ ಕೂಡಿಬರಬೇಕು. ಮೆಣಸಿನಕಾಯಿಯ ಆ್ಯಪ್‌ಗೆ ಹಣ ಕೊಡುವವರು ರೈತರೋ, ಕೋಲ್ಡ್ ಸ್ಟೋರೇಜಿನವರೋ ಎಂದು ಕೇಳಿದಾಗ ಹೆಚ್ಚಿನ ತಂಡಗಳು ಸುಮ್ಮನಾಗುತ್ತವೆ. ಕೋಲ್ಡ್ ಸ್ಟೋರೇಜಿನವರು ಕೊಟ್ಟರೆ ‘ಮಾರಬೇಡಿ, ಇಡಿ’ ಎಂದೇ ಹೇಳುವ ಒತ್ತಡ ಬರುತ್ತದೆಂಬುದನ್ನು ಯಾರಾದರೂ ಎತ್ತಿದರೆ, ಅವರು ಈ ಕಸುಬಿಗೆ ಹೊಂದುತ್ತಾರೆಂದು ನಾನು ಭಾವಿಸುತ್ತೇನೆ.

ಅಳತೆಯ ವಿಷಯದಲ್ಲೂ ಪುಸ್ತಕದ ಸೂತ್ರ ಇಲ್ಲಿ ಕೈಕೊಡುತ್ತದೆ. ಎಷ್ಟು ಜನ ಇಳಿಸಿಕೊಂಡರು, ದಿನಕ್ಕೆ ಎಷ್ಟು ಜನ ತೆರೆದರು ಎಂಬ ಲೆಕ್ಕಗಳು ಹರಟೆಯ ಆ್ಯಪ್‌ಗೆ ಸರಿ; ಸುಗ್ಗಿಯಲ್ಲಿ ಕೆಲವೇ ಸಲ ಮಾಲು ತರುವ ಬೆಳೆಗಾರ ಜೂನ್‌ನಲ್ಲಿ ಆ್ಯಪ್ ತೆರೆಯದಿದ್ದರೆ ಅದು ಸೋಲಲ್ಲ. ಈ ಸುಗ್ಗಿಯಲ್ಲಿ ಬಳಸಿದವರಲ್ಲಿ ಎಷ್ಟು ಮಂದಿ ಮುಂದಿನ ಸುಗ್ಗಿಗೆ ಮರಳಿದರು, ಹೇಳಿದ ಅಂದಾಜಿಗೂ ಬಿದ್ದ ದರಕ್ಕೂ ಅಂತರ ಎಷ್ಟಿತ್ತು ಎಂಬ ಎರಡು ಅಂಕಿಗಳು ಸಾಕು. ಬಂಡವಾಳ ಹಾಕಿದವರಿಗೆ ಒಂದು ವರ್ಷ ಕಾಯುವ ತಾಳ್ಮೆ ಇರುವುದಿಲ್ಲವೆಂಬುದು ಇನ್ನೊಂದು ತಾಪತ್ರಯ. ಅವರಿಗೆ ಇದನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸಿರಬೇಕು.

ರೋಡ್‌ಮ್ಯಾಪ್, ಆದ್ಯತೆಯ ಅಂಕಪಟ್ಟಿಗಳನ್ನು ಇದಾದ ಮೇಲೆ ಕಲಿತರೆ ಒಂದೆರಡು ವಾರದ ಕೆಲಸ. ಸಂದರ್ಶನಕ್ಕೆ ಬರುವವರಿಂದ ನಾನು ಪ್ರಮಾಣಪತ್ರ ಕೇಳುವುದಿಲ್ಲ. ತಾವು ಹತ್ತಿರದಿಂದ ನೋಡಿದ ಒಂದು ಸಮಸ್ಯೆಯನ್ನು, ಗದಗ-ಬೆಟಗೇರಿಯ ನೇಕಾರರದ್ದಾಗಲಿ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಪ್ರಯಾಣಿಕರದ್ದಾಗಲಿ, ಒಂದೇ ಪುಟದಲ್ಲಿ ಬರೆದು ತರಲು ಹೇಳುತ್ತೇನೆ. ಯಾರಿಗೆ, ಯಾವ ನಿರ್ಧಾರಕ್ಕೆ, ಯಾವ ಪುರಾವೆಯ ಮೇಲೆ, ಯಾರ ಹಣದಿಂದ ಎಂಬುದು ಅದರಲ್ಲಿರಬೇಕು. ಏನು ಕಂಡುಬಂದರೆ ಈ ಯೋಜನೆಯನ್ನು ಕೈಬಿಡುತ್ತೀರಿ ಎಂಬುದು ಪುಟದ ಕೊನೆಯಲ್ಲಿರಬೇಕು, ಮತ್ತು ಸಂದರ್ಶನದಲ್ಲಿ ನಾನು ಮೊದಲು ಓದುವುದು ಆ ಕೊನೆಯ ಸಾಲನ್ನು.