ಮಸಾತೆಕ್ ಅಣಬೆ ರಾತ್ರಿ: ಮಾತು ಯಾರದು?

ಧಾರವಾಡದಲ್ಲಿ ಮಾನವಶಾಸ್ತ್ರ ಓದುವವರು ಅಣಬೆ ತಿಂದು ನಡೆಸುವ ಆಚರಣೆಗಳ ಪಾಠದಲ್ಲಿ ಮೊದಲು ಎಡವುವುದು ಒಂದೇ ಕಡೆ: ಮತ್ತೇರಿಸುವ ಅಣಬೆಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿಬಿಡುವುದು. ಮೆಕ್ಸಿಕೋದ ಆಚರಣೆಯದು ಸೈಲೋಸಿಬಿ ಕುಲ. ಅದರಲ್ಲಿರುವ ಸೈಲೋಸೈಬಿನ್ ಎಂಬ ರಾಸಾಯನಿಕ ದೇಹದೊಳಗೆ ಸೈಲೋಸಿನ್ ಆಗಿ ಕೆಲಸ ಮಾಡುತ್ತದೆ. ಸೈಬೀರಿಯಾದ ಕೊರ್ಯಾಕ್ ಬುಡಕಟ್ಟಿನವರದು ಬಿಳಿ ಚುಕ್ಕೆಯ ಕೆಂಪು ಅಮಾನಿಟಾ ಮಸ್ಕಾರಿಯಾ. ಅದರ ಮತ್ತೇರಿಸುವ ವಸ್ತುವಾದ ಮಸ್ಸಿಮಾಲ್‌ನ ಒಂದು ಪಾಲು ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಅಲ್ಲಿ ಮೂತ್ರ ಕುಡಿಯುತ್ತಿದ್ದರೆಂಬ ಹಳೆಯ ವರದಿಗಳಿಗೆ ಕಾರಣ ಇದೇ.

ಋಗ್ವೇದದ ಸೋಮ ಈ ಕೆಂಪು ಅಣಬೆಯೇ ಎಂದು ಅಣಬೆಗಳ ಬೆನ್ನು ಹತ್ತಿದ ಅಮೆರಿಕದ ಬ್ಯಾಂಕರ್ ಗಾರ್ಡನ್ ವಾಸನ್ 1968ರಲ್ಲಿ ವಾದಿಸಿದರು. ಇದನ್ನು ಊಹೆ ಎಂದೇ ಬರೆಯಿರಿ. ಒಂಬತ್ತನೆಯ ಮಂಡಲದ ಸೋಮವನ್ನು ಕಲ್ಲಿನಿಂದ ಜಜ್ಜಿ, ಕುರಿಯ ಉಣ್ಣೆಯಲ್ಲಿ ಸೋಸಿ, ಹಾಲು ಬೆರೆಸುತ್ತಾರೆ. ಅಲ್ಲಿ ಬರುವ ‘ಅಂಶು’ ಎಂಬ ಪದವನ್ನು ಗಿಡದ ಕಾಂಡ ಎಂದು ತೆಗೆದುಕೊಂಡವರಿಗೆ ಈ ವಾದ ಒಪ್ಪಿಗೆಯಾಗಿಲ್ಲ.

ಮುಖ್ಯ ಪಾಠ ಮೆಕ್ಸಿಕೋದ್ದು. 16ನೇ ಶತಮಾನದಲ್ಲಿ ಸ್ಪೇನಿನ ಪಾದ್ರಿ ಸಾಹಗುನ್, ಅಲ್ಲಿನ ಮೂಲನಿವಾಸಿ ನಾವಾ ಜನರು ಹಬ್ಬದೂಟದಲ್ಲಿ ಅಣಬೆಯನ್ನು ಜೇನಿನೊಂದಿಗೆ ತಿನ್ನುತ್ತಿದ್ದುದನ್ನು ದಾಖಲಿಸಿದ. ಚರ್ಚು ಇದನ್ನು ಸೈತಾನನ ಪೂಜೆ ಎಂದು ಹತ್ತಿಕ್ಕಿತು. ಆಚರಣೆ ಸಾಯಲಿಲ್ಲ, ಬೆಟ್ಟದ ಊರುಗಳ ಮನೆಯೊಳಗೆ ಸರಿಯಿತು.

ವಾಹಾಕಾ ರಾಜ್ಯದ ವಾವ್ತ್ಲಾ ಊರಿನಲ್ಲಿ ಮಸಾತೆಕ್ ಜನಾಂಗದ ನಾಟಿ ವೈದ್ಯೆ ಮರಿಯಾ ಸಬೀನಾ ನಡೆಸುತ್ತಿದ್ದುದು ‘ವೆಲಾದಾ’, ಅಂದರೆ ಜಾಗರಣೆ. ಮುಂಚೆ ಕೆಲವು ದಿನ ದಂಪತಿಗಳು ಕೂಡುವಂತಿಲ್ಲ. 1955ರ ಜೂನ್ 29ರ ರಾತ್ರಿ ವಾಸನ್ ಕಂಡದ್ದು ಹೀಗೆ: ಕೋಪಾಲ್ ಧೂಪದ ಹೊಗೆಗೆ ಹಿಡಿದ ಅಣಬೆಗಳನ್ನು ಆಕೆ ಜೋಡಿ ಜೋಡಿಯಾಗಿ ಎಣಿಸಿ ಹಂಚಿದಳು. ತನಗೆ 13 ಜೋಡಿ, ವಾಸನ್‌ಗೆ 6. ಆಮೇಲೆ ಮೇಣದ ದೀಪ ಆರಿಸಿ, ಕತ್ತಲಲ್ಲಿ ಹಾಡು ಶುರು.

ಆ ಹಾಡಿನ ಸಾಲುಗಳ ಕೊನೆಗೆ ಮತ್ತೆ ಮತ್ತೆ ‘ತ್ಸೊ’ ಬರುತ್ತದೆ, ‘ಹೇಳುತ್ತದೆ’ ಎಂದರ್ಥ. ಇದನ್ನು ಹಿಡಿಯಲು ಕನ್ನಡಿಗರಿಗೆ ಕಷ್ಟವಿಲ್ಲ, ನಮ್ಮ ‘ಅಂತೆ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಹಾಡುವ ಬಾಯಿ ಆಕೆಯದು, ಮಾತು ಅಣಬೆಯದು. ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ವ್ರತ ಹಿಡಿದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕಾರಣಿಕ ನುಡಿದಾಗಲೂ ಅದನ್ನು ಗೊರವಯ್ಯನ ಸ್ವಂತ ಅಭಿಪ್ರಾಯ ಎಂದು ಯಾರೂ ಕೇಳುವುದಿಲ್ಲ. ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು: ಕಾರಣಿಕದಲ್ಲಿ ಮತ್ತಿನ ವಸ್ತುವಿಲ್ಲ, ಅದು ಊರೆಲ್ಲ ಸೇರಿದ ಬಯಲಲ್ಲಿ ನಡೆಯುತ್ತದೆ. ವೆಲಾದಾ ಒಬ್ಬ ರೋಗಿಗಾಗಿ, ಮುಚ್ಚಿದ ಕೋಣೆಯಲ್ಲಿ.

ವಾಸನ್ ಲೇಖನ 1957ರ ಮೇ 13ರ ‘ಲೈಫ್’ ಪತ್ರಿಕೆಯಲ್ಲಿ ಬಂತು. ಆಕೆಯ ಹೆಸರನ್ನು ‘ಎವಾ ಮೆಂದೆಸ್’ ಎಂದು ಬದಲಿಸಿದ್ದರೂ ಗುಟ್ಟು ಉಳಿಯಲಿಲ್ಲ. 1958ರಲ್ಲಿ ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಅಣಬೆಯಿಂದ ಸೈಲೋಸೈಬಿನ್ ಬೇರ್ಪಡಿಸಿದರು. 1962ರಲ್ಲಿ ಅವರು ತಂದ ಮಾತ್ರೆ ನುಂಗಿ, ಅಣಬೆಯ ಶಕ್ತಿ ಇದರಲ್ಲೂ ಇದೆ ಎಂದು ಸಬೀನಾ ಒಪ್ಪಿದಳು. ಆದರೆ ಅನುಭವ ಹುಡುಕುತ್ತ ಬಂದ ಪರದೇಶಿಗಳಿಂದ ಊರು ತತ್ತರಿಸಿತು, ಆಕೆಯ ಮನೆ ಸುಟ್ಟಿತು.

‘ದೇವರನ್ನು ಕಾಣಲು ತಿನ್ನುತ್ತಿದ್ದರು’ ಎಂದು ಪರೀಕ್ಷೆಯ ಉತ್ತರದಲ್ಲಿ ಬರೆದರೆ ಅದು ಹೊರಗಿನಿಂದ ಬಂದವರ ಮಾತಾಯಿತು. ಸಬೀನಾ ಸ್ವತಃ ಹೇಳಿದ್ದು ಬೇರೆ: ವಾಸನ್ ಬರುವ ಮುಂಚೆ ಯಾರೂ ಬರೀ ದೇವರನ್ನು ಹುಡುಕಲು ಅಣಬೆ ತಿಂದವರಲ್ಲ, ತಿನ್ನುತ್ತಿದ್ದುದು ಕಾಯಿಲೆ ವಾಸಿಯಾಗಲೆಂದು.