ಹಳೆಯ ಬೆಳಕು, ಬದುಕಿರುವ ನಕ್ಷತ್ರ

ದೂರದರ್ಶಕದಿಂದ ಕಣ್ಣು ತೆಗೆದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಮೂವತ್ತು ವರ್ಷಗಳಿಂದ ಬದಲಾಗಿಲ್ಲ: "ಈ ನಕ್ಷತ್ರ ಇಷ್ಟು ಹೊತ್ತಿಗೆ ಸತ್ತುಹೋಗಿರುತ್ತದೆ ಅಲ್ಲವೇ ಸರ್?" ನಮ್ಮ ಕಣ್ಣಿಗೆ ಬೀಳುವ ಬೆಳಕು ಹಳೆಯದೆಂಬುದು ನಿಜ. ಆದರೆ ಅದರಿಂದ ನಕ್ಷತ್ರದ ಸಾವನ್ನು ಊಹಿಸುವುದು ತಪ್ಪು, ಮತ್ತು ಈ ತಪ್ಪನ್ನು ಓದಿಕೊಂಡವರೂ ಮಾಡುವುದು ನನಗೆ ಬೇಸರ ತರಿಸುತ್ತದೆ.

ಬೆಳಕು ಎಷ್ಟು ವರ್ಷ ಪ್ರಯಾಣ ಮಾಡಿತು ಎಂಬುದನ್ನು ನಕ್ಷತ್ರದ ಆಯುಸ್ಸಿನ ಪಕ್ಕದಲ್ಲಿಟ್ಟು ನೋಡಬೇಕು. ಬರಿಗಣ್ಣಿಗೆ ಕಾಣುವ ಬಹುಪಾಲು ನಕ್ಷತ್ರಗಳಿಗೆ ಈ ಪ್ರಯಾಣ ಕೆಲವು ನೂರು ವರ್ಷ, ತೀರ ದೂರದವಕ್ಕೆ ಕೆಲವು ಸಾವಿರ ವರ್ಷ. ಸೂರ್ಯನಂಥದ್ದರ ಆಯುಸ್ಸಾದರೋ ಸುಮಾರು 1,000 ಕೋಟಿ ವರ್ಷ. ಬೇಗನೆ ಉರಿದು ಮುಗಿಯುವ ಭಾರೀ ನಕ್ಷತ್ರಗಳೂ ಒಂದು ಕೋಟಿ ವರ್ಷದ ಆಸುಪಾಸು ಬಾಳುತ್ತವೆ. ಆ ಒಂದು ಕೋಟಿಯನ್ನು ಮನುಷ್ಯನ ಎಂಬತ್ತು ವರ್ಷವೆಂದುಕೊಂಡರೆ ಐನೂರು ವರ್ಷವೆಂದರೆ ಒಂದೂವರೆ ದಿನ. ಮೊನ್ನೆ ಬರೆದ ಕಾಗದ ಇಂದು ಕೈಸೇರಿದರೆ, ಬರೆದವರು ತೀರಿಕೊಂಡಿರಬೇಕೆಂದು ಯಾರೂ ದುಃಖಿಸುವುದಿಲ್ಲ.

2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರ್ದ್ರಾ (ಬೀಟಲ್‌ಜ್ಯೂಸ್) ಎಂಬ ಭಾರೀ ನಕ್ಷತ್ರ ಎಲ್ಲರಿಗೂ ಗೊತ್ತಾಗುವಷ್ಟು ಮಂಕಾದಾಗ, ಅದು ಸಿಡಿದೇ ಹೋಗಿದೆಯೆಂದು ವಾದಿಸಿದವರು ಬಹಳ. ಆದರೆ ಅದರ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ಟೈಟೇನಿಯಮ್ ಆಕ್ಸೈಡ್ ಮೂಡಿಸುವ ಪಟ್ಟೆಗಳು ತಾಪಮಾನ ಸುಮಾರು 3,600 ಕೆಲ್ವಿನ್‌ನಲ್ಲೇ ಇದೆ, ಅಷ್ಟು ಮಂಕಾಗುವಷ್ಟು ನಕ್ಷತ್ರ ತಣಿದಿಲ್ಲ ಎಂದು ತೋರಿಸಿದವು; ನಕ್ಷತ್ರವೇ ಹೊರಹಾಕಿದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡ ಬಂದಿತ್ತೆಂಬುದು ಆಮೇಲಿನ ಅಧ್ಯಯನಗಳ ಒಲವು. ಅದು ಸಿಡಿಯುವುದಕ್ಕೆ ಇನ್ನೂ ಒಂದು ಲಕ್ಷ ವರ್ಷವೇ ಹಿಡಿಯಬಹುದು. ಈಗಾಗಲೇ ಸಿಡಿದಿಲ್ಲವೆಂದು ಪ್ರಮಾಣ ಮಾಡಿ ಹೇಳಲಾರೆ, ಆದರೆ ಆ ಸಾಧ್ಯತೆ ತೀರ ಕಡಿಮೆ.

ಗೆಲಾಕ್ಸಿಗಳ ಮಾತು ಬೇರೆ. ಆಂಡ್ರೊಮಿಡಾದ ಬೆಳಕು ಸುಮಾರು 25 ಲಕ್ಷ ವರ್ಷ ಹಳೆಯದು. ಅದರ ಭಾರೀ ನಕ್ಷತ್ರಗಳಲ್ಲಿ ಹಲವು ಅಷ್ಟರಲ್ಲಿ ಸಿಡಿದಿರಲೇಬೇಕು, ಸೂರ್ಯನಂಥವಕ್ಕೆ ಮಾತ್ರ ಆ ಅವಧಿ ಲೆಕ್ಕಕ್ಕೇ ಇಲ್ಲ. ನಿಜಕ್ಕೂ ಸತ್ತ ನಕ್ಷತ್ರವನ್ನು ನೋಡಬೇಕೆನ್ನುವವರಿಗೆ ನಾನು ನಮ್ಮ ಪಕ್ಕದ ಸಣ್ಣ ಗೆಲಾಕ್ಸಿಯಾದ ದೊಡ್ಡ ಮೆಗಲನಿಕ್ ಮೋಡದ, 1987ಕ್ಕೂ ಮುಂಚಿನ ನೆಗೆಟಿವ್ ಚಿತ್ರಗಳನ್ನು ತೋರಿಸುತ್ತೇನೆ. 1987ರ ಫೆಬ್ರವರಿಯಲ್ಲಿ ಸೂಪರ್‌ನೋವಾ (ನಕ್ಷತ್ರದ ಕೊನೆಯ ಸಿಡಿತ) ಆಗಿ ಕಂಡ ನೀಲಿ ಮಹಾದೈತ್ಯ ನಕ್ಷತ್ರ ಆ ನೆಗೆಟಿವ್‌ಗಳಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಯಾಗಿದೆ, ಅಕ್ಕಪಕ್ಕದ ನೂರಾರು ಚುಕ್ಕೆಗಳಿಂದ ಬೇರೆ ಮಾಡಿ ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಚಿತ್ರ ತೆಗೆದ ರಾತ್ರಿಗೆ ಅದು ಸತ್ತು ಸುಮಾರು 1,60,000 ವರ್ಷವಾಗಿತ್ತು.