ಬ್ರಿಸ್ಟಲ್ ಯಾವ ಕೌಂಟಿಯಲ್ಲಿದೆ?

1995ರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಗ್ಲೋಸ್ಟರ್‌ಶೈರ್ ಪರ ಕೌಂಟಿ ಕ್ರಿಕೆಟ್ ಆಡಿದರು. ಆ ತಂಡದ ತವರು ಮೈದಾನ ಇರುವುದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ಆದರೆ ಆಗ ಬ್ರಿಸ್ಟಲ್ ಗ್ಲೋಸ್ಟರ್‌ಶೈರ್‌ನಲ್ಲಿ ಇರಲೇ ಇಲ್ಲ, ಏವನ್ ಅನ್ನೋ ಕೌಂಟಿಯಲ್ಲಿತ್ತು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಸೀಮೆ). ಮರುವರ್ಷ ಏಪ್ರಿಲ್ 1ಕ್ಕೆ ಏವನ್ ರದ್ದಾಯಿತು. ಈಗ ಬ್ರಿಸ್ಟಲ್ ತಾನೇ ಒಂದು ಕೌಂಟಿ. ತಂಡದ ಹೆಸರು ಮಾತ್ರ ಬದಲಾಗಿಲ್ಲ.

ತಲೆ ಕೆಡುತ್ತದೆ ಅಲ್ವಾ? ಇಂಗ್ಲೆಂಡಿನಲ್ಲಿ ಕೌಂಟಿ ಅಂದರೆ ಮೂರು ಬಗೆ. ನೂರಾರು ವರ್ಷಗಳಿಂದ ಬಂದ ಹಳೆಯ ಕೌಂಟಿ ಒಂದು, ಕ್ರಿಕೆಟ್‌ನಲ್ಲಿ ನಾವು ಕೇಳುವ ಹೆಸರುಗಳು ಅವೇ. ರಸ್ತೆ, ಶಾಲೆ ನೋಡಿಕೊಳ್ಳುವ ಕೌನ್ಸಿಲ್‌ನ ಕೌಂಟಿ ಇನ್ನೊಂದು. ಮೂರನೆಯದು ಸೆರಮೋನಿಯಲ್ ಕೌಂಟಿ, ಅಂದರೆ ರಾಜನ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್‌ಗೆ ಸೇರಿದ ಸೀಮೆ. ಇಂಥವು ಈಗ 48 ಇವೆ.

ಲಾರ್ಡ್ ಲೆಫ್ಟಿನೆಂಟ್ ಹುದ್ದೆ ದೊರೆ ಎಂಟನೇ ಹೆನ್ರಿಯ ಕಾಲದ್ದು. ಆಗ ಊರಿನ ಗಂಡಸರನ್ನು ಸೇರಿಸಿ ಪಡೆ ಕಟ್ಟುವುದೇ ಇವರ ಕೆಲಸ. 1871ರಲ್ಲಿ ಆ ಅಧಿಕಾರ ಹೋಯಿತು. ಈಗ ರಾಜಮನೆತನದವರು ಬಂದಾಗ ಎದುರುಗೊಳ್ಳುತ್ತಾರೆ, ರಾಜನ ಪರವಾಗಿ ಪದಕ ಕೊಡುತ್ತಾರೆ. ಸಂಬಳ ಇಲ್ಲ.

ಬ್ರಿಸ್ಟಲ್ ಕಥೆ ಇನ್ನೂ ಹಳೆಯದು. ಏವನ್ ನದಿಯ ಎರಡೂ ದಡಕ್ಕೆ ಬೆಳೆದ ಊರು ಅದು, ಹಾಗಾಗಿ ಅರ್ಧ ಗ್ಲೋಸ್ಟರ್‌ಶೈರ್, ಅರ್ಧ ಸಾಮರ್ಸೆಟ್. ಕೋರ್ಟು ಕಚೇರಿ ಅಂದರೆ ಒಬ್ಬರು ಗ್ಲೋಸ್ಟರ್‌ಗೆ ಹೋಗಬೇಕು, ಇನ್ನೊಬ್ಬರು ಇಲ್ಚೆಸ್ಟರ್‌ಗೆ, ಅದೂ ಚಳಿಗಾಲದ ಕೆಸರು ದಾರಿಯಲ್ಲಿ. ವ್ಯಾಪಾರಿಗಳು ಬೇಸತ್ತು ಕೇಳಿಕೊಂಡರು. 1373ರಲ್ಲಿ ಮೂರನೇ ಎಡ್ವರ್ಡ್ ಊರನ್ನೇ ಒಂದು ಕೌಂಟಿ ಮಾಡಿಕೊಟ್ಟ. ಆರು ನೂರು ವರ್ಷ ಅದು ಹಾಗೇ ನಡೆಯಿತು.

ಕೆಟ್ಟಿದ್ದು 1974ರಲ್ಲಿ. ನಗರಗಳು ಹಳೆಯ ಗಡಿ ದಾಟಿ ಬೆಳೆದಿದ್ದವು, ಆಡಳಿತ ಸರಿಪಡಿಸುವುದು ನಿಜಕ್ಕೂ ಬೇಕಿತ್ತು. ಆದರೆ ಆ ವರ್ಷ ಜಾರಿಗೆ ಬಂದ 1972ರ ಸ್ಥಳೀಯ ಆಡಳಿತ ಕಾಯ್ದೆ ಕೌನ್ಸಿಲ್‌ಗಳ ಜೊತೆ ಲಾರ್ಡ್ ಲೆಫ್ಟಿನೆಂಟ್‌ಗಳ ಗಡಿಯನ್ನೂ ಎಳೆದು ಹೊಸ ನಕ್ಷೆಗೆ ಕಟ್ಟಿಹಾಕಿತು. ಬ್ರಿಸ್ಟಲ್, ಬಾತ್ ಮತ್ತು ಸುತ್ತಲಿನ ಊರುಗಳು ಸೇರಿ ಏವನ್ ಆಯಿತು. ಪುಟ್ಟ ರಟ್ಲೆಂಡ್ ಲೆಸ್ಟರ್‌ಶೈರ್‌ನೊಳಗೆ ಹೋಯಿತು. ಹಂಬರ್ ನದೀಮುಖದ ಎರಡು ದಡಗಳನ್ನು ಸೇರಿಸಿ ಹಂಬರ್‌ಸೈಡ್ ಮಾಡಿದರು. ಒಂದು ಕಡೆ ಯಾರ್ಕ್‌ಶೈರಿನ ಹಲ್, ಇನ್ನೊಂದು ಕಡೆ ಲಿಂಕನ್‌ಶೈರಿನ ಗ್ರಿಮ್ಸ್‌ಬಿ, ನಡುವೆ ಸೇತುವೆಯೇ ಇಲ್ಲ! ಏಳು ವರ್ಷ ಒಂದೇ ಕೌಂಟಿಯ ಜನ ದೋಣಿ ಹತ್ತಬೇಕಿತ್ತು, ಇಲ್ಲವೇ ದೂರದ ಸುತ್ತುದಾರಿ ಹಿಡಿಯಬೇಕಿತ್ತು. ಸೇತುವೆ ತೆರೆದಿದ್ದು 1981ರಲ್ಲಿ. ಅಷ್ಟಾದರೂ ಹಲ್‌ನವರು ತಾವು ಯಾರ್ಕ್‌ಶೈರಿನವರು ಅನ್ನೋದನ್ನ ಬಿಡಲಿಲ್ಲ. ಅವರ ಹಠ ನನಗೆ ಪೂರ್ತಿ ಅರ್ಥವಾಗುತ್ತದೆ. ಕಸ ಎತ್ತುವ ಕಚೇರಿ ಬದಲಾದರೆ ಹುಟ್ಟಿದ ಸೀಮೆಯ ಹೆಸರು ಯಾಕೆ ಬದಲಾಗಬೇಕು?

1996ರಲ್ಲಿ ಏವನ್, ಹಂಬರ್‌ಸೈಡ್, ಅವುಗಳಂತೆಯೇ 1974ರಲ್ಲಿ ಹುಟ್ಟಿದ್ದ ಕ್ಲೀವ್‌ಲೆಂಡ್ ಮೂರೂ ಹೋದವು. ಮರುವರ್ಷ ರಟ್ಲೆಂಡ್ ವಾಪಸ್ ಬಂತು. ಕೌನ್ಸಿಲ್‌ಗಳು ಚೂರುಚೂರಾದ ಮೇಲೆ ಲಾರ್ಡ್ ಲೆಫ್ಟಿನೆಂಟ್‌ಗಳ ಸೀಮೆಯನ್ನು ಬೇರೆಯಾಗಿಯೇ ಬರೆದಿಡಬೇಕಾಯಿತು. 1997ರ ಲೆಫ್ಟಿನೆನ್ಸಿ ಕಾಯ್ದೆ ಮಾಡಿದ್ದು ಅದನ್ನೇ. ಅದರಂತೆ ಬಾತ್ ಸಾಮರ್ಸೆಟ್‌ಗೆ ಸೇರುತ್ತದೆ, ಬ್ರಿಸ್ಟಲ್ ಒಂಟಿ. ಸ್ಟಾಕ್ಟನ್ ಆನ್ ಟೀಸ್‌ಗೆ ಕೌನ್ಸಿಲ್ ಒಂದೇ, ಆದರೆ ಟೀಸ್ ನದಿಯ ಉತ್ತರಕ್ಕೆ ಡರ್ಹಮ್, ದಕ್ಷಿಣಕ್ಕೆ ನಾರ್ತ್ ಯಾರ್ಕ್‌ಶೈರ್.

ಇತ್ತೀಚಿನ ಬದಲಾವಣೆ ಕಂಬ್ರಿಯಾದ್ದು. ಕಂಬರ್ಲೆಂಡ್, ವೆಸ್ಟ್‌ಮೋರ್ಲೆಂಡ್ ಜೊತೆಗೆ ಲ್ಯಾಂಕಾಶೈರ್, ಯಾರ್ಕ್‌ಶೈರಿನ ತುಂಡುಗಳನ್ನು ಸೇರಿಸಿ 1974ರಲ್ಲಿ ಮಾಡಿದ ಕೌಂಟಿ ಅದು. 2023ರ ಏಪ್ರಿಲ್‌ನಲ್ಲಿ ಅದರ ಕೌನ್ಸಿಲ್ ರದ್ದಾಗಿ ಎರಡಾಯಿತು. ಕಂಬರ್ಲೆಂಡ್, ವೆಸ್ಟ್‌ಮೋರ್ಲೆಂಡ್ ಅನ್ನೋ ಹಳೆಯ ಹೆಸರುಗಳು ಹೊಸ ಕೌನ್ಸಿಲ್‌ಗಳಿಗೆ ಮರಳಿದವು. ಕಂಬ್ರಿಯಾ ಈಗ ಸೆರಮೋನಿಯಲ್ ಕೌಂಟಿಯಾಗಿ ಉಳಿದಿದೆ, ಇಡೀ ಸೀಮೆಗೆ ಲಾರ್ಡ್ ಲೆಫ್ಟಿನೆಂಟ್ ಒಬ್ಬರೇ.